ಎರಡನೆಯ ತಟ್ಟೆ

ರೊಶೆನ್‌ಗುಲ್ ತಲೆವಸ್ತ್ರವನ್ನು ಎಡಗೈಯೊಂದರಲ್ಲೇ ಕಟ್ಟಿಕೊಳ್ಳುವುದನ್ನು ಕಲಿತಿದ್ದಳು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಕತ್ತಿನ ಹಿಂದಿನಿಂದ ತಂದು ಬಿಗಿಯುತ್ತಿದ್ದಳು. ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಚಹಾದ ಬಟ್ಟಲು ಹಿಡಿದರೆ ಬೆರಳು ನಡುಗುತ್ತಿದ್ದವು. ಮಲಗುವಾಗ ಆ ಕೈಯನ್ನು ದಿಂಬಿನ ಮೇಲಿಟ್ಟು, ಬೇರೆ ಯಾರದೋ ಮಗುವನ್ನು ಕಾಯುವವಳ ಹಾಗೆ ಅದರ ಪಕ್ಕದಲ್ಲಿ ಮಲಗುತ್ತಿದ್ದಳು. ವಯಸ್ಸು ಐವತ್ತೊಂದು.

ಸಿಡ್ನಿಯ ಹೇಮಾರ್ಕೆಟ್ಟಿನಲ್ಲಿ, ಚೀನೀಯರ ಬೀದಿಯ ಹಿಂದಿನ ಓಣಿಯಲ್ಲಿ, ಬೋರ್ಡಿನ ಮೇಲೆ ದಾಳಿಂಬೆ ಬರೆಸಿರುವ ಉಯ್ಘರ್ ಹೋಟೆಲೊಂದಿದೆ. ಅಲ್ಲಿ ಅವಳು ಆರು ವರ್ಷ ಲಗ್ಮನ್ ಎಳೆದಳು. ಕೈಯಲ್ಲೇ ಎಳೆದ ನೂಡಲ್ಸ್, ಮೇಲೆ ಕುರಿಮಾಂಸ, ದಪ್ಪ ಮೆಣಸಿನಕಾಯಿ, ಟೊಮೆಟೊ. ಇದಕ್ಕೆ ಯಂತ್ರವಿಲ್ಲ. ನಾದಿದ ಹಿಟ್ಟನ್ನು ಹಗ್ಗದಂತೆ ಹೊಸೆದು, ಎಣ್ಣೆ ಸವರಿ ಸುರುಳಿ ಸುತ್ತಿಡಬೇಕು. ಗಿರಾಕಿ ಕೇಳಿದಾಗ ಎರಡೂ ಕೈಗೆ ಸುತ್ತಿ ಎಳೆದು, ಹಲಗೆಗೆ ಬಡಿದು, ಮತ್ತೆ ಎಳೆದು ಕುದಿನೀರಿಗೆ ಬಿಡಬೇಕು. ಒಂದು ತಟ್ಟೆಗೆ ಎಂಟು ಬಡಿತ. ನಾನು ಎಣಿಸಿದ್ದೇನೆ.

ನಾನು ಲಿಯಾಂಗ್. ಈ ಬೀದಿಯಲ್ಲಿ ಪುಕ್ಕಟೆ ಹಂಚುವ ಚೀನೀ ವಾರಪತ್ರಿಕೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹುಟ್ಟಿದ್ದು ಚೀನಾದ ವಾಯವ್ಯದಲ್ಲಿ, ಉಯ್ಘರ್ ಮುಸ್ಲಿಮರ ನಾಡಿನ ಉರುಮ್ಚಿಯಲ್ಲಿ. ಚೀನೀಯನಾದರೂ ಉಯ್ಘರರ ಹೋಟೆಲುಗಳಲ್ಲಿ ಉಂಡು ಬೆಳೆದವನು. ಆ ಕಡೆ ಒಂದು ರೂಢಿಯಿದೆ. ಲಗ್ಮನ್ ತಿನ್ನುವವನು ನೂಡಲ್ಸ್ ಮುಗಿಸಿ, ಪಲ್ಯ ಉಳಿಸಿಕೊಂಡು ತಟ್ಟೆ ಎತ್ತಿ ತೋರಿಸಿದರೆ ಸಾಕು, ಮತ್ತೆ ನೂಡಲ್ಸ್ ಹಾಕುತ್ತಾರೆ. ದುಡ್ಡು ಕೇಳುವುದಿಲ್ಲ. ಇಲ್ಲವೆನ್ನುವುದು ಹೋಟೆಲಿನವನಿಗೆ ಅವಮಾನ. ದಾಳಿಂಬೆ ಹೋಟೆಲಿನ ಮಾಲೀಕ ದಿಲ್ಮುರಾತ್ ಈ ರೂಢಿಯನ್ನು ಸಿಡ್ನಿಗೂ ತಂದಿದ್ದ. ಆದರೆ ಗೊತ್ತಿದ್ದವರು ಕಡಿಮೆ. ಕೇಳುವವರು ಇನ್ನೂ ಕಡಿಮೆ.

ಎಲ್ಲರಿಗೂ ಗೊತ್ತು ಮಾಡಿದವನು ನಾನು.

ಕಳೆದ ಮಾರ್ಚಿನಲ್ಲಿ ಪತ್ರಿಕೆಯಲ್ಲಿ ಒಂದು ಅಂಕಣ ಶುರುವಾಯಿತು. ಹದಿನೈದು ಡಾಲರಿನೊಳಗೆ ಹೊಟ್ಟೆ ತುಂಬ ಎಲ್ಲಿ ಉಣ್ಣಬಹುದು ಎಂಬುದು ವಿಷಯ. ವಿದ್ಯಾರ್ಥಿಗಳಿಗೆ, ಕಟ್ಟಡ ಕೆಲಸದವರಿಗೆ, ಬಾಡಿಗೆ ಕಟ್ಟಿ ಕೈ ಖಾಲಿಯಾದವರಿಗೆ ಉಪಯೋಗವಾಗಲಿ ಎಂದು ನಾನೇ ಹೇಳಿ ಮಾಡಿಸಿದ್ದು. ಎರಡನೆಯ ವಾರ ದಾಳಿಂಬೆ ಹೋಟೆಲಿಗೆ ಹೋದೆ. ದಿಲ್ಮುರಾತ್ ಚಹಾ ತರಿಸಿದ, ರೊಟ್ಟಿ ಮುರಿದು ನನ್ನ ಮುಂದಿಟ್ಟ. ಅಡುಗೆಮನೆಯ ಗಾಜಿನ ಹಿಂದೆ ನಿಂತಿದ್ದ ರೊಶೆನ್‌ಗುಲ್‌ಳನ್ನೂ ಕರೆದು ಕೂರಿಸಿದ.

"ಈ ಕಾಲದಲ್ಲಿ ಹದಿನಾಲ್ಕು ಡಾಲರಿಗೆ ಹೆಂಗಪ್ಪಾ ಕೊಡ್ತೀಯ? ಅದರ ಮೇಲೆ ಎರಡನೇ ಸಲ ಬೇರೆ?" ಎಂದು ಕೇಳಿದೆ.

"ಮನೆ ಮಂದೀನೇ ದುಡೀತೀವಿ ಅಣ್ಣ. ಕೂಲಿ ಆಳು ಇಟ್ಟರೆ ಎಲ್ಲಿ ಗಿಟ್ಟುತ್ತೆ? ಇವಳು ನನ್ನ ಸ್ವಂತ ಅಕ್ಕ."

"ಒಡಹುಟ್ಟಿದವಳಾ?"

"ಹೂಂ. ತಾಯಿ ಒಬ್ಬಳೇ, ತಂದೆ ಬೇರೆ. ನನಗೋಸ್ಕರ ಅಂತ ಕೈ ಸವೆಸ್ತಾಳೆ. ಒಂದು ದಿನ ಸಂಬಳ ಕೇಳಿದವಳಲ್ಲ. ಅಲ್ವೇನಕ್ಕ?"

ರೊಶೆನ್‌ಗುಲ್ ನಕ್ಕಳು. ನಾನು ಫೋಟೋ ತೆಗೆದೆ.

ಬರೆದ ಪ್ರತಿ ಹೆಸರನ್ನೂ ಎರಡು ಸಲ ವಿಚಾರಿಸುವುದು ನನ್ನ ಅಭ್ಯಾಸ. ಉಯ್ಘರರ ಹೆಸರಿನ ಹಿಂದೆ ತಂದೆಯ ಹೆಸರು ಬರುತ್ತದೆ. ಇಬ್ಬರ ತಂದೆಯ ಹೆಸರೂ ಬೇರೆ ಬೇರೆ ಇತ್ತು. ತಂದೆ ಬೇರೆ ಎಂದು ಅವನೇ ಹೇಳಿದ್ದನಲ್ಲ, ಹೊಂದಿಕೆಯಾಯಿತು ಎಂದುಕೊಂಡೆ. ಅವಳನ್ನು ಒಂದು ಮಾತೂ ಕೇಳಲಿಲ್ಲ. ಎದುರಿಗೇ ಕೂತಿದ್ದಳು. ಕೇಳಲಿಲ್ಲ.

"ಎರಡನೆಯ ತಟ್ಟೆ ಪುಕ್ಕಟೆ" ಎಂಬುದು ತಲೆಬರಹ. ಅಕ್ಕನ ಪ್ರೀತಿಯೇ ಈ ಹೋಟೆಲಿನ ಬಂಡವಾಳ ಎಂದು ಬರೆದಿದ್ದೆ.

ಮುಂದಿನ ಶನಿವಾರ ಓಣಿಯ ತುದಿಯವರೆಗೆ ಸಾಲು ನಿಂತಿತು. ಹುಡುಗರು ಪಂಥ ಕಟ್ಟಿಕೊಂಡು ತಿಂದರು. ನಾಲ್ಕು ಸಲ, ಐದು ಸಲ ನೂಡಲ್ಸ್ ಹಾಕಿಸಿಕೊಂಡು ಫೋನಿನಲ್ಲಿ ಚಿತ್ರ ಹಾಕಿದರು. ಮೊದಲು ದಿನಕ್ಕೆ ತೊಂಬತ್ತು ತಟ್ಟೆ ಎಳೆಯುತ್ತಿದ್ದ ರೊಶೆನ್‌ಗುಲ್ ಈಗ ಇನ್ನೂರು ದಾಟಿಸಿದಳು. ಇನ್ನೊಬ್ಬರನ್ನು ತೆಗೆದುಕೊ ಎಂದಳಂತೆ. ನೋಡೋಣ ಎಂದನಂತೆ ದಿಲ್ಮುರಾತ್. ನನ್ನ ಲೇಖನಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಆಗಸ್ಟ್ ಒಂಬತ್ತು, ಶುಕ್ರವಾರ ಮಧ್ಯಾಹ್ನ, ಹಿಟ್ಟು ಬಡಿಯುತ್ತಿದ್ದಾಗ ಅವಳ ಭುಜದೊಳಗೆ ಏನೋ ಹರಿದ ಸದ್ದಾಯಿತು. ಹಸಿ ಬಟ್ಟೆ ಹರಿದ ಹಾಗೆ ಎಂದು ಅವಳೇ ಹೇಳಿದ್ದು.

ಭುಜದ ಸ್ನಾಯು ಮೂಳೆಯಿಂದ ಕಿತ್ತು ಬಂದಿದೆ ಎಂದರು ಡಾಕ್ಟರು. ಮೂರು ನಾಲ್ಕು ತಿಂಗಳೊಳಗೆ ಹೊಲಿದರೆ ಕೈ ಉಳಿಯುತ್ತದೆ. ತಡವಾದರೆ ಸ್ನಾಯು ಒಳಕ್ಕೆ ಸರಿದು ಕುಗ್ಗುತ್ತದೆ, ಆಮೇಲೆ ಹೊಲಿಯಲು ಏನೂ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಬರಲು ಹದಿನಾಲ್ಕು ತಿಂಗಳು. ಕೆಲಸದಲ್ಲಿ ಪೆಟ್ಟಾದವರಿಗೆ ವಿಮೆಯವರು ಕೂಡಲೇ ಮಾಡಿಸುತ್ತಾರೆ. ಅದಕ್ಕೆ ಅವಳು ಸಂಬಳದ ಕೆಲಸದವಳು ಎಂದು ಅವರು ಒಪ್ಪಬೇಕು. ಅಷ್ಟೇ.

ಸುದ್ದಿ ತಿಳಿದು ವಿಮೆಯ ಆಫೀಸಿಗೆ ಅವಳ ಜೊತೆ ನಾನೂ ಹೋದೆ. ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು, ಮಾತು ಮೆತ್ತಗೆ. ದುಭಾಷಿ ಫೋನಿನಲ್ಲಿದ್ದ.

"ನಿಮಗೆ ಸಂಬಳದ ಚೀಟಿ ಏನಾದರೂ ಇದೆಯಾ?" ಅಧಿಕಾರಿ ಕೇಳಿದಳು.

"ಇಲ್ಲ. ಕವರಿನಲ್ಲಿ ಕೊಡ್ತಿದ್ದ. ಕೈಯಿಂದ ಕೈಗೆ."

"ಮಾಲೀಕರು ಹೇಳೋದು ಬೇರೆ. ನೀವು ಅವರ ಅಕ್ಕ, ಮನೆಯವರಾಗಿ ಸಹಾಯ ಮಾಡ್ತಿದ್ರಿ, ನಿಮ್ಮನ್ನ ಅವರೇ ಸಾಕ್ತಿದ್ರು ಅಂತ."

"ನಾನು ಅವನ ಅಕ್ಕ ಅಲ್ಲ. ಅವನ ಊರು ಗುಲ್ಜಾ, ನನ್ನದು ದೂರದ ಕಾಶ್ಗರ. ಸಿಡ್ನಿಗೆ ಬಂದ ಮೇಲೇ ಅವನ ಮುಖ ನೋಡಿದ್ದು."

ಅಧಿಕಾರಿ ಕಡತ ತಿರುಗಿಸಿ ಒಂದು ಹಾಳೆ ಹೊರತೆಗೆದಳು. ನನ್ನ ಲೇಖನ. ಪಕ್ಕದಲ್ಲಿ ಇಂಗ್ಲಿಷ್ ಅನುವಾದ, ಅದರ ಮೇಲೆ ಮೊಹರು. ಫೋಟೋದಲ್ಲಿ ರೊಶೆನ್‌ಗುಲ್ ನಗುತ್ತಿದ್ದಳು.

"ಇದು ನೀವೇ ಅಲ್ವಾ?"

"ನಾನೇ."

"ಅವರು ಅಕ್ಕ ಅಂದಾಗ ನೀವು ಪಕ್ಕದಲ್ಲೇ ಇದ್ರಿ. ಅಲ್ಲ ಅನ್ನಲಿಲ್ಲ?"

ದುಭಾಷಿ ಹೇಳಿ ಮುಗಿಸಿದ ಮೇಲೆ ರೊಶೆನ್‌ಗುಲ್ ಆ ಹಾಳೆಯನ್ನು ಎಡಗೈಯಿಂದ ಅಧಿಕಾರಿಯ ಕಡೆಗೇ ಸರಿಸಿದಳು.

"ಅತಿಥಿ ಬಂದಿದ್ರು. ರೊಟ್ಟಿ ಮುರಿದಿಟ್ಟಿದ್ದ. ಅನ್ನದ ಮುಂದೆ ಕೂತು, ನೀನು ಹೇಳೋದು ಸುಳ್ಳು ಅಂತ ರೊಟ್ಟಿ ಕೊಟ್ಟವನಿಗೆ ಹೆಂಗೆ ಹೇಳೋದು? ನಮ್ಮಲ್ಲಿ ಹಂಗೆ ಮಾಡಲ್ಲ."

"ನನಗೆ ಅರ್ಥ ಆಗುತ್ತೆ. ಆದರೆ ನಮಗೆ ದಾಖಲೆ ಬೇಕು. ನಿಮ್ಮ ತಾಯಿ ಯಾರು ಅಂತ ತೋರಿಸೋ ಕಾಗದ ಊರಿಂದ ತರಿಸಿಕೊಡಿ. ಇಲ್ಲದಿದ್ದರೆ ಮನೆಯವರಿಂದ ಒಂದು ಪತ್ರ."

"ಊರಲ್ಲಿ ಫೋನ್ ಎತ್ತೋರು ಯಾರೂ ಇಲ್ಲಮ್ಮ. ನಾನು ಮಾಡಿದರೆ ಎತ್ತಿದವರನ್ನ ಪೊಲೀಸರು ಹಿಡ್ಕೊಂಡು ಹೋಗ್ತಾರೆ. ಏಳು ವರ್ಷ ಆಯ್ತು. ನನ್ನ ಅಮ್ಮ ಇದ್ದಾಳೋ ಇಲ್ಲವೋ ನನಗೇ ಗೊತ್ತಿಲ್ಲ. ಯಾರು ಅಂತ ನಿಮಗೆ ಹೆಂಗೆ ತೋರಿಸಲಿ?"

ಆ ಹೆಣ್ಣುಮಗಳು ತಲೆ ತಗ್ಗಿಸಿ ಅದನ್ನೂ ಬರೆದುಕೊಂಡಳು.

ನಾನು ವಿಮೆಯವರಿಗೆ ಕಾಗದ ಬರೆದೆ. ಲೇಖನದ ಆ ಸಾಲು ತಪ್ಪು, ಮಾಲೀಕನ ಮಾತನ್ನು ವಿಚಾರಿಸದೆ ಬರೆದೆ ಎಂದು ಸಹಿ ಹಾಕಿ ಕೊಟ್ಟೆ. ಹನ್ನೊಂದು ದಿನಕ್ಕೆ ಉತ್ತರ ಬಂತು. ಲೇಖಕರು ಈಗ ಹೇಳುತ್ತಿರುವುದು ಅವರೇ ಪ್ರಕಟಿಸಿದ್ದಕ್ಕೆ ವಿರುದ್ಧವಾಗಿದೆ. ವ್ಯಾಜ್ಯ ಹುಟ್ಟುವ ಮೊದಲು ಅಚ್ಚಾದದ್ದೇ ಹೆಚ್ಚು ನಂಬಲರ್ಹ. ಅರ್ಜಿ ತಿರಸ್ಕರಿಸಲಾಗಿದೆ.

ಸಂಪಾದಕ ಗೆಂಗ್ ಹತ್ತಿರ ಹೋದೆ. "ಎರಡು ಸಾಲು ತಿದ್ದುಪಡಿ ಹಾಕೋಣ ಸಾರ್. ಒಳಪುಟದಲ್ಲಾದರೂ ಸರಿ."

"ಲಿಯಾಂಗ್, ಯಾವ ಆಧಾರದ ಮೇಲೆ?"

"ಅವಳೇ ಹೇಳ್ತಾಳಲ್ಲ."

"ಅವನು ಅಕ್ಕ ಅಂತಾನೆ, ಅವಳು ಅಲ್ಲ ಅಂತಾಳೆ. ನಾಳೆ ಅವನು ವಕೀಲರನ್ನ ಕಳಿಸಿದರೆ ನೀನು ಬರ್ತೀಯಾ? ಆಧಾರ ಇಲ್ಲದೆ ಒಂದಕ್ಷರ ಬರೀಬಾರದು ಅಂತ ಹೊಸಬರಿಗೆ ಪಾಠ ಮಾಡೋನು ನೀನೇ ಕಣಯ್ಯ."

ಮೊದಲ ಸಲ ಯಾವ ಆಧಾರದ ಮೇಲೆ ಬರೆದಿದ್ದೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನವೆಂಬರ್ ಬಂತು. ಡಾಕ್ಟರು ಹೇಳಿದ ಅವಧಿ ಮುಗಿಯುತ್ತ ಬಂದಿತ್ತು. ದಾಳಿಂಬೆ ಹೋಟೆಲಿನ ಎದುರಿಗೆ ಚೀನೀ ಗಂಜಿ ಅಂಗಡಿಯಿದೆ. ಅಲ್ಲಿ ಕಡುಬು ಮಡಚುವ ಸೂ ಲಾನ್ ಬಾಯಿ ಜೋರಿನ ಹೆಂಗಸು. ರೊಶೆನ್‌ಗುಲ್ ಇರುವ ಮನೆಯ ಇನ್ನೊಂದು ಕೋಣೆಯಲ್ಲಿ ಬಾಡಿಗೆಗಿದ್ದವಳು ಅವಳೇ. ಒಂದು ದಿನ ನನ್ನನ್ನು ರಸ್ತೆಯಲ್ಲೇ ಹಿಡಿದಳು.

"ಏನ್ ಪೇಪರ್ ಸಾಹೇಬ್ರೇ, ಯಾರ್ದಾದ್ರೂ ಇನ್ನೊಂದು ಕೈ ಮುರಿಯೋಕೆ ಹೊರಟ್ರಾ?"

"ಬೈಯಿ ಲಾನಕ್ಕ. ಬೈಸಿಕೊಳ್ಳೋ ಕೆಲಸವೇ ಮಾಡಿದೀನಿ."

"ಬೈದರೆ ನಿಮಗೆ ಹಗುರ ಆಗುತ್ತೆ. ಅದಕ್ಕೇ ಬೈಯಲ್ಲ. ಮಂಗಳವಾರ ಮಧ್ಯಾಹ್ನ ಬನ್ನಿ. ನಾವು ಆರು ಜನ ಹೆಂಗಸರು ದಾಳಿಂಬೆಗೆ ಉಣ್ಣೋಕೆ ಹೋಗ್ತಾ ಇದೀವಿ. ರೊಶೆನ್‌ಗುಲ್ ಬಿಟ್ಟ ಮೇಲೆ ಆ ದಿಲ್ಮುರಾತನೇ ನೂಡಲ್ಸ್ ಎಳೀತಾನಂತೆ. ಎಳೀಲಿ! ಎರಡನೇ ತಟ್ಟೆ ಪುಕ್ಕಟೆ ಅಂತ ನೀವೇ ಬರೆದಿದೀರಲ್ಲ. ಮೂರನೇದು, ನಾಲ್ಕನೇದು, ಐದನೇದು. ಇಲ್ಲ ಅನ್ನೋ ಹಂಗಿಲ್ಲ, ಅವರ ರೂಢಿ. ಅವನ ಭುಜ ಕಳಚಿ ಬೀಳೋವರೆಗೂ ಏಳಲ್ಲ."

"ರೊಶೆನ್‌ಗುಲ್ ಒಪ್ಪಿದಳಾ?"

"ಮೂರು ತಿಂಗಳಾದ ಮೇಲೆ ಇವತ್ತು ನಕ್ಕಳು ಕಣ್ರೀ."

ಮಂಗಳವಾರ ಹನ್ನೆರಡೂಕಾಲಿಗೆ ಒಳಗೆ ಹೋದೆವು. ರೊಶೆನ್‌ಗುಲ್, ಸೂ ಲಾನ್, ಗಂಜಿ ಅಂಗಡಿಯ ಇನ್ನಿಬ್ಬರು, ಬಟ್ಟೆ ತೊಳೆಯುವ ಅಂಗಡಿಯ ಇಬ್ಬರು, ನಾನು. ದಿಲ್ಮುರಾತ್ ಗಲ್ಲಾದ ಹತ್ತಿರ ಇದ್ದ. ನಮ್ಮನ್ನು ನೋಡಿ ಒಂದು ಕ್ಷಣ ಕೈ ನಿಂತಿತು. ಅಷ್ಟೇ. ತಾನೇ ಬಂದು ಕುರ್ಚಿ ಎಳೆದ.

"ಬಾ ಅಕ್ಕ, ಬಾ. ನಿನ್ನದೇ ಹೋಟೆಲು."

"ಏಳು ಲಗ್ಮನ್," ಎಂದಳು ಸೂ ಲಾನ್. "ಬೇಗ. ಹೊಟ್ಟೆ ಹಸೀತಾ ಇದೆ, ಬಹಳ ದಿನದ ಹಸಿವು."

ತಟ್ಟೆಗಳು ಬಂದವು. ಎಲ್ಲರೂ ನೂಡಲ್ಸನ್ನಷ್ಟೇ ತಿಂದು ಪಲ್ಯ ಉಳಿಸಿದೆವು. ಏಳು ತಟ್ಟೆ ಒಟ್ಟಿಗೆ ಮೇಲೆದ್ದವು. ರೊಶೆನ್‌ಗುಲ್ ಎಡಗೈಯಲ್ಲಿ ಎತ್ತಿದ್ದಳು. ದಿಲ್ಮುರಾತ್ ನಗುತ್ತಲೇ ತೆಗೆದುಕೊಂಡು ಹೋದ. ಎರಡನೆಯದು ಬಂತು.

"ಮೆತ್ತಗಿದೆ ಕಣೇ, ನಿನ್ನ ಕೈಯಷ್ಟು ಚೆನ್ನಾಗಿಲ್ಲ," ಎಂದಳು ಸೂ ಲಾನ್. ಬಟ್ಟೆ ತೊಳೆಯುವ ಅಂಗಡಿಯವರು ಸೊಂಟದ ಪಟ್ಟಿ ಸಡಿಲಿಸಿಕೊಂಡು ನಕ್ಕರು. ನಾನೂ ನಕ್ಕೆ. ಮೂರನೆಯ ಸಲ ತಟ್ಟೆ ಎತ್ತಿದೆವು.

ಗಾಜಿನ ಆಚೆ ಹಲಗೆಯ ಸದ್ದು ಮತ್ತೆ ಶುರುವಾಯಿತು. ಉಗಿ ಕಟ್ಟಿದ ಗಾಜಿನಲ್ಲಿ ನೆರಳಷ್ಟೇ ಕಾಣುತ್ತಿತ್ತು. ರೊಶೆನ್‌ಗುಲ್ ಮಾತು ನಿಲ್ಲಿಸಿ ಕಿವಿಗೊಟ್ಟಳು. ಮೂರು ಬಡಿತ, ಒಂದು ಬಿಡುವು. ಮತ್ತೆ ಎರಡು, ಮತ್ತೆ ಬಿಡುವು.

"ದಿಲ್ಮುರಾತ್ ಎಲ್ಲಿ?" ಎಂದಳು.

ಅವನು ಗಲ್ಲಾದ ಹತ್ತಿರವೇ ನಿಂತು ಯಾರಿಗೋ ಚಿಲ್ಲರೆ ಕೊಡುತ್ತಿದ್ದ.

ರೊಶೆನ್‌ಗುಲ್ ಎದ್ದು ಗಾಜಿನ ಹತ್ತಿರ ಹೋಗಿ, ಅಂಗೈಯಿಂದ ಒರೆಸಿದಳು. ಉಗಿ ಒಳಗಿನದು, ಹೋಗಲಿಲ್ಲ. ಪಕ್ಕದ ಬಾಗಿಲಿನಿಂದ ಇಣುಕಿದಳು. ನಾನೂ ಹಿಂದೆ ಹೋಗಿ ನೋಡಿದೆ. ನಲವತ್ತರ ಆಸುಪಾಸಿನ ಹೆಂಗಸು. ತಲೆವಸ್ತ್ರ ಬೆವರಿನಲ್ಲಿ ತೊಯ್ದಿತ್ತು. ಮೂರು ಸಲ ಬಡಿದು, ಹಿಟ್ಟನ್ನು ಹಲಗೆಯ ಮೇಲಿಟ್ಟು, ಬಲಭುಜವನ್ನು ಒಮ್ಮೆ ಹಿಂದಕ್ಕೆ ಹೊರಳಿಸಿದಳು. ಮತ್ತೆ ಎತ್ತಿಕೊಂಡಳು. ಅವಳ ಮುಂದೆ ನಮ್ಮ ಏಳು ತಟ್ಟೆಗಳು ಸಾಲಾಗಿದ್ದವು.

"ನನಗೂ ಜೂನ್ ತಿಂಗಳಲ್ಲಿ ಹಿಂಗೇ ಶುರುವಾಗಿದ್ದು," ಎಂದಳು ರೊಶೆನ್‌ಗುಲ್.

ಮರಳಿ ಬಂದು ಕೂತಳು. ಸೂ ಲಾನ್‌ಗೆ ಎರಡು ಮಾತು ಹೇಳಿದಳು. ಸೂ ಲಾನ್ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಮೂರನೆಯ ತಟ್ಟೆಗಳು ಬಂದವು. ಯಾರೂ ಮುಟ್ಟಲಿಲ್ಲ, ಆ ಹೆಂಗಸು ಎಳೆದದ್ದನ್ನು ಬಿಡುವ ಹಾಗೂ ಇರಲಿಲ್ಲ. ರೊಶೆನ್‌ಗುಲ್ ಮೊದಲು ಚಾಪ್‌ಸ್ಟಿಕ್ ಎತ್ತಿದಳು. ಎಡಗೈಯಲ್ಲಿ ಒಂದೊಂದೇ ಎಳೆ ಹಿಡಿದು ತಟ್ಟೆ ಬರಿದಾಗುವವರೆಗೆ ತಿಂದಳು. ನಾವೂ ತಿಂದೆವು.

ದಿಲ್ಮುರಾತ್ ಬಂದ. "ಇನ್ನೂ ಹಾಕಿಸಲಾ ಅಕ್ಕ? ಸಂಕೋಚ ಬೇಡ, ಪುಕ್ಕಟೆ ತಾನೇ?"

ರೊಶೆನ್‌ಗುಲ್ ತಟ್ಟೆಯ ಮೇಲೆ ಅಂಗೈ ಮುಚ್ಚಿದಳು.

"ಪುಕ್ಕಟೆ ಅಂತ ಯಾರು ಹೇಳಿದ್ದು?"

ಅವನು ಗೋಡೆಯ ಕಡೆ ಕೈ ತೋರಿಸಿದ. ಕಟ್ಟಿನೊಳಗೆ ಅವಳ ಫೋಟೋ, ಕೆಳಗೆ ನನ್ನ ಹೆಸರು. ಅವಳು ಅತ್ತ ನೋಡಲಿಲ್ಲ.

"ಒಳಗಿರೋಳು ಯಾರು?"

"ಅವಳಾ? ನಮ್ಮ ಚಿಕ್ಕಮ್ಮನ ಮಗಳು. ಹೋದ ತಿಂಗಳು ಬಂದಳು. ನನಗೋಸ್ಕರ ಅಂತ..." ಎಂದು ಅಡುಗೆಮನೆಯ ಕಡೆ ತಿರುಗಿ ಕೂಗಿದ, "ಅಲ್ವೇನಮ್ಮ?"

ಬಾಗಿಲಲ್ಲಿ ಆ ಹೆಂಗಸು ಕಾಣಿಸಿಕೊಂಡಳು. ಮಾಲೀಕನನ್ನು ನೋಡಿದಳು. ಮೇಜಿನ ಸುತ್ತ ಕೂತ ಅತಿಥಿಗಳನ್ನು ನೋಡಿದಳು. ನಕ್ಕಳು.

ಪಕ್ಕದ ಮೇಜಿನಲ್ಲಿ ನಾಲ್ವರು ವಿದ್ಯಾರ್ಥಿಗಳು ಖಾಲಿ ತಟ್ಟೆಗಳನ್ನು ಎತ್ತಿ ಹಿಡಿದಿದ್ದರು. ಅವಳು ಒಳಗೆ ಹೋದಳು. ಸದ್ದು ಮತ್ತೆ ಶುರುವಾಯಿತು. ಮೂರು ಬಡಿತ, ಒಂದು ಬಿಡುವು.

ನಾನು ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ದಿಲ್ಮುರಾತನ ಕಡೆ ತಿರುಗಿದೆ. ಅವನ ಬಾಯಿಂದ ಅವಳ ಹೆಸರು ಕೇಳಬೇಕೆಂದಿದ್ದೆ. ರೊಶೆನ್‌ಗುಲ್ ತನ್ನ ಬಲಗೈಯನ್ನು, ಮೇಲೆ ಏಳದ ಆ ಕೈಯನ್ನು, ಮೇಜಿನ ಮೇಲೆ ಸರಿಸಿಕೊಂಡು ತಂದು ನನ್ನ ಪುಸ್ತಕದ ಮೇಲಿಟ್ಟಳು.

"ಇವನನ್ನಲ್ಲ ಅಣ್ಣ," ಎಂದಳು. "ಈ ಸಲ ಅವಳನ್ನ ಕೇಳಿ."