ಹಿತ್ತಾಳೆ ಚಕ್ರದ ಪಂಪು

ನನ್ನ ಬಾಯಿ ಜೋರು ಅಂತ ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಇಪ್ಪತ್ತು ವರ್ಷ ಕಾರು ಕಂಪನಿಯ ಬಿಡಿಭಾಗ ಮಾರುವ ಕಿಟಕಿಯ ಹಿಂದೆ ಕೂತು ಗಿರಾಕಿಗಳ ಜೊತೆ ಏಗಿದವಳ ಬಾಯಿ ಮೆತ್ತಗಿರಲು ಅದೇನು ಹತ್ತಿಯೇ? ನಮ್ಮ ಮನೆಯವರು ಇದಕ್ಕೆ ತದ್ವಿರುದ್ಧ. ಅವರಿಂದ ಒಂದು ಮಾತು ಹೊರಡಿಸುವುದಕ್ಕಿಂತ ತುಕ್ಕು ಹಿಡಿದ ಬೋಲ್ಟು ಬಿಚ್ಚುವುದು ಸುಲಭ.

ಅದೇ ಕಂಪನಿಯಲ್ಲಿ ಅವರು ಹೆಡ್ ಮೆಕ್ಯಾನಿಕ್ ಆಗಿದ್ದರು. ಹನ್ನೊಂದು ವರ್ಷದ ಹಿಂದೆ ಒಂದು ಶನಿವಾರ ಕಂಪನಿ ನಮ್ಮ ದೇಶವನ್ನೇ ಬಿಟ್ಟು ಹೋಯಿತು. ಶೋರೂಮಿನ ಮೇಲಿದ್ದ ದೊಡ್ಡ ಅಕ್ಷರಗಳನ್ನು ಏಣಿ ಹಾಕಿ ಒಂದೊಂದಾಗಿ ಇಳಿಸಿದರು. ಮ್ಯಾನೇಜರು ಎಲ್ಲರ ಕೈ ಕುಲುಕಿ ಕಾರು ಹತ್ತಿದ. ಮಾರಿದವರು ಹೋದರು, ಸರಿ, ಕೊಂಡವರು ಎಲ್ಲಿಗೆ ಹೋಗಬೇಕು ಅಂತ ನಾನು ಕೇಳಿದ್ದಕ್ಕೆ ಆ ಪುಣ್ಯಾತ್ಮ ಕಿಟಕಿಯ ಗಾಜು ಏರಿಸಿಕೊಂಡ. ಈಗ ಅದೇ ಶೋರೂಮಿನಲ್ಲಿ ಹಾಸಿಗೆ ಮಾರುತ್ತಾರೆ. ಅದರ ಹಿಂದಿನ ಶೆಡ್ಡಿನಲ್ಲಿ ನಾವಿಬ್ಬರು ಗ್ಯಾರೇಜು ಇಟ್ಟುಕೊಂಡೆವು.

ಆ ಕಂಪನಿಯ ಕಾರು ಬಂಗಾರದಂಥದ್ದು. ಅದಕ್ಕಿರುವುದು ಒಂದೇ ಕೊರತೆ. ಎಂಜಿನ್ನಿಗೆ ನೀರು ಓಡಿಸುವ ಪಂಪಿನ ಒಳಗಿನ ಚಕ್ರ ಪ್ಲಾಸ್ಟಿಕ್ಕಿನದು. ಅರವತ್ತು ಸಾವಿರ ಕಿಲೋಮೀಟರು ಓಡುವಷ್ಟರಲ್ಲಿ ಪುಡಿಪುಡಿ. ಪಂಪು ನಿಂತರೆ ಎಂಜಿನ್ನು ಕುದಿದು ಕಾರು ಗುಜರಿಗೆ. ಕಂಪನಿ ಹೋದಾಗ ನನ್ನ ಕಪಾಟಿನಲ್ಲಿ ಉಳಿದದ್ದು ತೊಂಬತ್ತು ಪಂಪು. ಎಂಟು ತಿಂಗಳಲ್ಲಿ ಖಾಲಿಯಾದವು.

ಆಗ ಇವರು ಎಲ್ಲಿಂದಲೋ ಲೋಹ ಕಡೆಯುವ ಒಂದು ಹಳೆಯ ಲೇತ್ ಯಂತ್ರ ತಂದರು. ಮೊದಲ ಹಿತ್ತಾಳೆ ಚಕ್ರ ಕೊರೆಯಲು ಹನ್ನೊಂದು ದಿನ ಹಿಡಿಯಿತು. ಎಂಜಿನ್ನಿಗೆ ಹಾಕಿದರೆ ಗರಗರ ಅಂತ ಅರಚಿತು. ಎರಡನೆಯದು ಸೋರಿತು. ಊಟ ನಿದ್ದೆ ಬಿಟ್ಟು ಇದೇನು ಹುಚ್ಚು ಅಂತ ನಾನು ದಿನಾ ಬೈದೆ. ಮೂರನೆಯದನ್ನು ಹಾಕಿ ಎಂಜಿನ್ನು ಚಾಲೂ ಮಾಡಿದಾಗ ಚಕ್ರದ ಸದ್ದೂ ಇಲ್ಲ, ಸೋರಿಕೆಯೂ ಇಲ್ಲ. ಬೈಯಲು ತೆರೆದ ಬಾಯಿ ಮುಚ್ಚಿದೆ.

ಅವತ್ತಿನಿಂದ ಹಳೆಯ ಪಂಪಿನ ಕವಚಕ್ಕೆ ಹೊಸ ಹಿತ್ತಾಳೆ ಚಕ್ರ ಕೂರಿಸಿ, ಮೇಲೆ ಪಂಚಿನಿಂದ ಒಂದು ನಂಬರು ಹೊಡೆಯುತ್ತಾರೆ. ಯಾಕೆ ಅಂದರೆ, ತಮ್ಮ ಮಾಲನ್ನು ಕಂಪನಿಯ ಮಾಲು ಅಂದುಕೊಂಡು ಯಾರೂ ಮೋಸ ಹೋಗಬಾರದಂತೆ. ಆ ನಂಬರು, ಕಾರಿನ ನಂಬರು, ತಾರೀಖು, ಮೀಟರು, ಎಲ್ಲವನ್ನೂ ನಾನು ಪುಸ್ತಕದಲ್ಲಿ ಬರೆಯುತ್ತೇನೆ. ಕಾರು ಮತ್ತೆ ಸರ್ವಿಸಿಗೆ ಬಂದಾಗಲೂ ಅದೇ ಸಾಲಿನಲ್ಲಿ ತಾರೀಖು ಸೇರಿಸುತ್ತೇನೆ. ಗಿರಾಕಿ ಹೊರಡುವಾಗ ಇವರು ಹೇಳುವುದು ಒಂದೇ ಮಾತು: “ಒಂದು ವರ್ಷ ಗ್ಯಾರಂಟಿ. ಹಾಳಾದ್ರೆ ವಾಪಸ್ ತನ್ನಿ, ನಾವಿಲ್ಲೇ ಇರ್ತೀವಿ.” ಹನ್ನೊಂದು ವರ್ಷದಲ್ಲಿ ವಾಪಸ್ಸು ಬಂದದ್ದು ನಾಲ್ಕು.

ಹೋದ ತಿಂಗಳು ಕಂಪನಿಯ ಕಡೆಯಿಂದ ಫೋನು ಬಂತು. ಆ ಕಂಪನಿಗೆ ಈಗ ದೆಸೆ ಸರಿಯಿಲ್ಲವಂತೆ, ಇದ್ದ ಕಡೆಯೆಲ್ಲ ಮಾರಾಟ ಬಿದ್ದುಹೋಗಿದೆಯಂತೆ. ಹಿಂದೆ ಬಿಟ್ಟುಹೋದ ಊರುಗಳಲ್ಲಿ ಎಲ್ಲಿಗೆ ಮರಳಿದರೆ ಲಾಭ ಅಂತ ನೋಡಲು ಒಬ್ಬ ಆಫೀಸರಮ್ಮನನ್ನು ಕಳಿಸುತ್ತಿದ್ದಾರಂತೆ. ಹಳೆಯ ಹೆಡ್ ಮೆಕ್ಯಾನಿಕ್ ಅವರನ್ನು ಕಾಣಬೇಕಂತೆ.

ನನಗೆ ಜೀವ ಬಂದ ಹಾಗಾಯಿತು. ಯಾಕೆಂದರೆ ಚಕ್ರ ಲೇತಿನಲ್ಲಿ ಆಗುತ್ತದೆ, ಗಾಜು ಆಗುವುದಿಲ್ಲ. ಮುಂದಿನ ಗಾಜು ಒಡೆದು, ಬೇರೆ ಸಿಗದೆ, ಗಟ್ಟಿಮುಟ್ಟಾದ ಮೂರು ಕಾರು ಆ ಒಂದೇ ತಿಂಗಳಲ್ಲಿ ಗುಜರಿ ಸೇರಿದ್ದವು. ಕಂಪನಿ ಬರದಿದ್ದರೆ ಒಂದೊಂದಾಗಿ ಎಲ್ಲವೂ ಹೋಗುತ್ತವೆ. ಇವರ ಹನ್ನೊಂದು ವರ್ಷದ ಕೆಲಸ ಕಣ್ಣೆದುರೇ ಗುಜರಿಗೆ ಹೋಗುವುದನ್ನು ನಾನು ನೋಡಲಾರೆ.

ಇವರು ಮಾಡಿದ್ದೇನು ಗೊತ್ತೇ? ಆಫೀಸರಮ್ಮ ಬರುವ ಹಿಂದಿನ ದಿನ ಲೇತಿನ ಮೇಲೆ ತಾಡಪಾಲು ಹೊದಿಸಿದರು. ಹಿತ್ತಾಳೆ ಚೂರನ್ನೆಲ್ಲ ಗುಡಿಸಿ ಗೋಣಿಚೀಲಕ್ಕೆ ತುಂಬಿದರು. ನನ್ನ ಪುಸ್ತಕಗಳನ್ನು ಟ್ರಂಕಿಗೆ ಹಾಕಿ ಬೀಗ ಜಡಿದರು. ಗೋಡೆಯ ಮೇಲಿದ್ದ ಒಂದು ಫ್ರೇಮನ್ನು ಮಾತ್ರ ಒರೆಸಿ ಒರೆಸಿ ಹೊಳೆಯುವಂತೆ ಮಾಡಿದರು. ತರಬೇತಿ ಮುಗಿದಾಗ ಕಂಪನಿ ಇವರಿಗೆ ಕೊಟ್ಟ ಸರ್ಟಿಫಿಕೇಟು ಅದು. ಅದನ್ನು ಪಡೆಯುವಾಗ, ಕಂಪನಿಯ ಅಸಲಿ ಬಿಡಿಭಾಗ ಬಿಟ್ಟು ಬೇರೇನನ್ನೂ ಹಾಕುವುದಿಲ್ಲ ಅಂತ ಇವರು ಬಲಗೈ ಎತ್ತಿ ಆಣೆ ಮಾಡಿ, ಕೆಳಗೆ ಸಹಿ ಹಾಕಿದ್ದರು. ಕಂಪನಿ ಬಿಟ್ಟುಹೋದರೂ ಇವರನ್ನು ಆ ಆಣೆ ಬಿಟ್ಟಿರಲಿಲ್ಲ. ನೀನು ಸುಮ್ಮನಿರಬೇಕು ಅಂತ ನನಗೂ ತಾಕೀತಾಯಿತು. ಮರ್ಯಾದೆಯ ಪ್ರಶ್ನೆ, ಹಾಳಾಗಿ ಹೋಗಲಿ ಅಂತ ಒಪ್ಪಿಕೊಂಡೆ.

ಆಫೀಸರಮ್ಮ ಗುರುವಾರ ಬೆಳಿಗ್ಗೆ ಬಂದಳು. ಮೂವತ್ತು ದಾಟಿರದ ಹುಡುಗಿ, ಲ್ಯಾಪ್‌ಟಾಪಿನ ಚೀಲ, ಒಳ್ಳೆಯ ನಡತೆ. ಎಣ್ಣೆ ಮೆತ್ತಿದ ಸ್ಟೂಲಿನ ಮೇಲೆ ಮುಖ ಸಿಂಡರಿಸದೆ ಕೂತಳು. ಈ ಊರಿನಲ್ಲಿ ತಮ್ಮ ಕಾರು ಎಷ್ಟು ಉಳಿದಿರಬಹುದು ಅಂತ ಕೇಳಿದಳು. ಒಂದು ಊರಿನಲ್ಲಿ ಕಡಿಮೆ ಅಂದರೆ ಐನೂರು ಕಾರು ಓಡುತ್ತಿದ್ದರೆ ಮಾತ್ರ ಮೊದಲು ಸರ್ವಿಸ್ ಸೆಂಟರು, ಆಮೇಲೆ ಶೋರೂಮು ಅಂದಳು. ಕಂಪನಿಯ ಲೆಕ್ಕ ಸರಳ: ಹನ್ನೊಂದು ವರ್ಷದಿಂದ ಇಲ್ಲಿಗೆ ಒಂದು ಪಂಪೂ ಬಂದಿಲ್ಲ, ಪಂಪಿಲ್ಲದೆ ಕಾರು ಓಡಲಾರದು, ಆದ್ದರಿಂದ ಇಲ್ಲಿ ಕಾರೇ ಇಲ್ಲ.

ಇದ್ದಾವೆ ಮೇಡಂ, ಅಂದರು ಇವರು. ಯಾವ ಪಂಪಿನ ಮೇಲೆ ಓಡುತ್ತಿವೆ ಅಂತ ಅವಳು ಕೇಳಿದಳು. ಇವರು ನೆಲ ನೋಡಿದರು. ಹಳೆಯ ಸ್ಟಾಕು ಸ್ವಲ್ಪ ಇತ್ತು, ತೊಂಬತ್ತು, ಅಂದರು.

ಅವಳು ತೊಂಬತ್ತು ಅಂತ ಬರೆದುಕೊಂಡಳು. ಪಾಪ, ಅವಳಿಗೂ ಬೇಜಾರಾಗಿತ್ತು. ಸೋಮವಾರ ವರದಿ ಕೊಡಬೇಕು, ಈ ಊರನ್ನು ಪಟ್ಟಿಯಿಂದ ತೆಗೆಯದೆ ಬೇರೆ ದಾರಿಯಿಲ್ಲ ಅಂತ ಹೇಳಿ ಲ್ಯಾಪ್‌ಟಾಪು ಮುಚ್ಚಲು ಹೋದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಕಂಪನಿಯ ಮೇಲಲ್ಲ, ಈ ಮನುಷ್ಯನ ಮೇಲೆ. ತಾನು ಉಳಿಸಿದ ಕಾರುಗಳನ್ನು ತಾನೇ ಸಾಯಿಸುತ್ತಿದ್ದಾನಲ್ಲ! ನೆಟ್ಟಗೆ ಹೋಗಿ ತಾಡಪಾಲು ಹಿಡಿದು ಎಳೆದೆ.

“ನೋಡಮ್ಮ, ಇವರು ಹೇಳಿದ್ದು ಶುದ್ಧ ಸುಳ್ಳು,” ಅಂದೆ. “ಇವರು ಸುಳ್ಳು ಹೇಳಿದ್ದನ್ನ ನಾನು ನೋಡಿದ್ದು ಇದೇ ಮೊದ್ಲು. ಪಂಪು ನೀವು ಕಳಿಸ್ಲಿಲ್ಲ, ಇವರು ಮಾಡಿದ್ರು. ಇದೇ ಲೇತಲ್ಲಿ. ಒಟ್ಟು ಸಾವಿರದ ಒಂಬೈನೂರ ಏಳು ಪಂಪು.”

ಇವರ ಮುಖ ಸಪ್ಪಗಾಯಿತು. ಮೆಲ್ಲಗೆ ಎದ್ದು ಹೋಗಿ ಗೋಡೆಯಿಂದ ಆ ಫ್ರೇಮು ಇಳಿಸಿ ತಂದು ಅವಳ ಮುಂದಿಟ್ಟರು.

“ಇದನ್ನ ವಾಪಸ್ ತಗೊಳ್ಳಿ ಮೇಡಂ. ಕೊಟ್ಟ ಮಾತು ಉಳಿಸ್ಕೊಳ್ಳೋಕಾಗ್ಲಿಲ್ಲ. ಕಾರು ತಂದು ನಿಲ್ಲಿಸಿ ಮುಖ ನೋಡ್ತಿದ್ರು, ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ.”

ಇವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಮದುವೆಯಾದ ಮೇಲೆ ಕೇಳಿದ್ದೇ ಕಡಿಮೆ. ಆ ಹುಡುಗಿ ಫ್ರೇಮು ಮುಟ್ಟಲಿಲ್ಲ. ಲೇತಿನ ಮೇಲೆ ಅರ್ಧ ಕೊರೆದಿಟ್ಟಿದ್ದ ಚಕ್ರ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಪುಸ್ತಕ ಕೇಳಿದಳು. ಟ್ರಂಕಿನ ಕೀಲಿ ಇವರ ಜೇಬಿನಲ್ಲಿತ್ತು. ನಾನೇ ಕೈ ಹಾಕಿ ತೆಗೆದೆ.

ಹುಡುಗಿ ಸಾಮಾನ್ಯದವಳಲ್ಲ. ಪುಸ್ತಕದಲ್ಲಿ ಏನು ಬೇಕಾದರೂ ಬರೆಯಬಹುದು, ಕಣ್ಣಾರೆ ನೋಡಬೇಕು ಅಂದಳು. ಕಣ್ಣು ಮುಚ್ಚಿ ಹಾಳೆ ತಿರುಗಿಸಿ ಐದು ಸಾಲಿನ ಮೇಲೆ ಬೆರಳಿಟ್ಟಳು. ಈ ಐದು ಕಾರು ತೋರಿಸಿ ಅಂದಳು. ನಾನು ಫೋನು ಹಿಡಿದು ಕೂತೆ.

ಮೊದಲು ಬಂದವನು ಟ್ಯಾಕ್ಸಿಯವನು. ಅವನಿಗೆ ನಾವಿಟ್ಟ ಹೆಸರು ಲಕ್ಷಾಧೀಶ. ಜೇಬು ಖಾಲಿ, ಮೀಟರಿನಲ್ಲಿ ಮಾತ್ರ ಐದು ಲಕ್ಷ ಎಪ್ಪತ್ತು ಸಾವಿರ. ಬಾನೆಟ್ ಎತ್ತಿದರೆ ಪಂಪಿನ ಮೇಲೆ ನಾನೂರ ಹನ್ನೆರಡು. ಪುಸ್ತಕದಲ್ಲೂ ಅದೇ. ಈ ಕಾರು ಮಾರಿ ಬೇರೆ ಕಂಪನಿಯದು ಕೊಳ್ಳಬೇಕು ಅನ್ನಿಸಲಿಲ್ಲವೇ ಅಂತ ಅವಳು ಕೇಳಿದ್ದಕ್ಕೆ, ಇದು ಕೆಡಲಿ ನೋಡೋಣ ಅಂತ ಎಂಟು ವರ್ಷದಿಂದ ಕಾಯುತ್ತಿದ್ದೇನೆ ಅಂದ. ಆಮೇಲೆ ಶಾಲೆಯ ಮೇಷ್ಟರು ಬಂದರು. ಅಣ್ಣತಮ್ಮ ಇಬ್ಬರು ಪೇಂಟರುಗಳು ಏಣಿ ಕಟ್ಟಿಕೊಂಡೇ ಬಂದರು. ದರ್ಜಿಯಮ್ಮ ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದಳು. ಐದನೆಯ ಕಾರು ಒಬ್ಬ ನರ್ಸಮ್ಮನದು. ಡ್ಯೂಟಿ ಬಿಟ್ಟು ಬರುವ ಹಾಗಿಲ್ಲ ಅಂದಳು. ಲಕ್ಷಾಧೀಶನ ಟ್ಯಾಕ್ಸಿಯಲ್ಲೇ ಆಸ್ಪತ್ರೆಗೆ ಹೋಗಿ ನೋಡಿದೆವು. ಸಾವಿರದ ಇನ್ನೂರ ಆರು. ಐದಕ್ಕೆ ಐದೂ ತಾಳೆಯಾದವು.

ಶೆಡ್ಡಿಗೆ ಮರಳಿದ ಮೇಲೆ ಅವಳು ಮಧ್ಯಾಹ್ನವೆಲ್ಲ ಪುಸ್ತಕ ಹಿಡಿದು ಕೂತಳು. ಈ ವರ್ಷ ಬಂದುಹೋದ ಕಾರುಗಳನ್ನಷ್ಟೇ ಎಣಿಸಿದಳು. ಏಳುನೂರ ಮೂವತ್ತೊಂದು. ಇನ್ನೊಮ್ಮೆ ಎಣಿಸಿದಳು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದ್ದರೂ ಲೆಕ್ಕ ಹೆಚ್ಚುಕಡಿಮೆ ಆಗಲಿಲ್ಲ.

“ಸರ್,” ಅಂದಳು. ಇವರನ್ನು ಸರ್ ಅಂದಳು! “ನಮ್ಮ ಎಂಜಿನಿಯರ್‌ಗಳು ಈ ಚಕ್ರನ ನಾಲ್ಕು ಸಲ ಬದಲಾಯಿಸಿದ್ರು. ಇವತ್ತಿಗೂ ಒಂದು ಲಕ್ಷ ಕಿಲೋಮೀಟರ್ ದಾಟ್ತಿಲ್ಲ. ನಮ್ಮ ಹೆಸರು ಕೆಟ್ಟಿದ್ದೇ ಇದ್ರಿಂದ.”

ಆಮೇಲೆ ತೊಂಬತ್ತು ಅಳಿಸಿ ಏಳುನೂರ ಮೂವತ್ತೊಂದು ಅಂತ ಬರೆದಳು. ಬರೆದದ್ದನ್ನು ನಮಗೆ ಓದಿ ಹೇಳಿದಳು: ಮರಳುವುದಾದರೆ ಈ ಊರಿನಿಂದ ಶುರು ಮಾಡಬೇಕು, ಇಲ್ಲಿ ಕಂಪನಿಯ ಹೆಸರು ಉಳಿದಿರುವುದು ಹಳೆಯ ಹೆಡ್ ಮೆಕ್ಯಾನಿಕ್ ಅವರ ದುಡಿಮೆಯಿಂದ. ತೀರ್ಮಾನ ದೊಡ್ಡವರದು, ಆದರೆ ಈ ಸಂಖ್ಯೆಯನ್ನು ಅವರು ತಳ್ಳಿಹಾಕಲಾರರು ಅಂದಳು. ಇಳಿಸಿದ ಫ್ರೇಮನ್ನು ತಾನೇ ಎತ್ತಿ ಮೊಳೆಗೆ ಸಿಕ್ಕಿಸಿದಳು. ನನಗೆ ಕಣ್ಣು ತುಂಬಿತು. ಹೆಮ್ಮೆ ಅಂದರೆ ಹೆಮ್ಮೆ. ಇಡೀ ಬೀದಿಗೆ ಕೇಳುವ ಹಾಗೆ ಕೂಗಬೇಕು ಅನ್ನಿಸಿತು.

ಹೊರಡುವ ಮುಂಚೆ ಅವಳು ಒಂದು ಪಂಪು ಕೇಳಿದಳು, ತಮ್ಮ ಎಂಜಿನಿಯರುಗಳಿಗೆ ತೋರಿಸಲು. ಇವರು ಸುಮ್ಮನೆ ಎತ್ತಿ ಕೊಡಲಿಲ್ಲ. ಕವಚ ಒರೆಸಿದರು, ಚಕ್ರ ಕೂರಿಸಿದರು, ಬೆರಳಿನಿಂದ ತಿರುಗಿಸಿ ಕಿವಿಗೊಟ್ಟು ಕೇಳಿದರು. ಪಂಚು ಇಟ್ಟು ಸುತ್ತಿಗೆಯಿಂದ ಹೊಡೆದರು. ಸಾವಿರದ ಒಂಬೈನೂರ ಎಂಟು. ನಾನು ಪುಸ್ತಕ ತೆರೆದೆ. ಕಾರಿನ ನಂಬರಿನ ಜಾಗದಲ್ಲಿ ಏನು ಬರೆಯಲಿ ಅಂತ ಕೇಳಿದೆ. ಆ ಹುಡುಗಿ ಸ್ವಲ್ಪ ಯೋಚಿಸಿ, ಕಂಪನಿ ಅಂತಲೇ ಬರೆಯಿರಿ ಅಂದಳು. ಬರೆದೆ. ಪಕ್ಕದಲ್ಲಿ ಸಹಿ ಹಾಕಿದಳು.

ಇವರು ಪಂಪನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಇಷ್ಟು ವರ್ಷ ಪ್ರತಿ ಗಿರಾಕಿಗೂ ಹೇಳಿದ್ದನ್ನೇ ಹೇಳಿದರು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

“ಒಂದು ವರ್ಷ ಗ್ಯಾರಂಟಿ. ಹಾಳಾದ್ರೆ ವಾಪಸ್ ತನ್ನಿ, ನಾವಿಲ್ಲೇ ಇರ್ತೀವಿ.”

ಹುಡುಗಿ ತಲೆ ತಗ್ಗಿಸಿ ಪಂಪು ತೆಗೆದುಕೊಂಡಳು. ನಾನು ಪುಸ್ತಕದಲ್ಲಿ ತಾರೀಖು ಹಾಕಿದೆ.