ದೇವೀರಮ್ಮನ ಚೀಲ

ರೂಪಶ್ರೀಯ ನರ್ಸಿಂಗ್ ಸರ್ಟಿಫಿಕೇಟುಗಳ ಮೂಲಪ್ರತಿಗಳನ್ನು ಮೂಡಿಗೆರೆಯ ಆಸ್ಪತ್ರೆಯವರು ಅವಳು ಕೆಲಸಕ್ಕೆ ಸೇರಿದ ದಿನವೇ ತೆಗೆದಿಟ್ಟುಕೊಂಡರು. ಬಿಟ್ಟು ಹೋಗುತ್ತೇನೆಂದಾಗ ಕೊಡಲಿಲ್ಲ.

ಜರ್ಮನಿಯ ಆಸ್ಪತ್ರೆಯೊಂದು ಅವಳನ್ನು ಆರಿಸಿಕೊಂಡಿತ್ತು. ಐಸಿಯು ಡ್ಯೂಟಿ ಮುಗಿಸಿ ಬಂದು, ತೂಕಡಿಸುತ್ತಲೇ ಆ ದೇಶದ ಭಾಷೆ ಕಲಿತಿದ್ದಳು. ಸೋಮವಾರ ಬೆಂಗಳೂರಿನಲ್ಲಿ ವೀಸಾಕ್ಕೆ ಮೂಲಪ್ರತಿಗಳನ್ನೇ ತೋರಿಸಬೇಕಿತ್ತು. ಶುಕ್ರವಾರ ಬೆಳಿಗ್ಗೆ ಚಿಕ್ಕಮಗಳೂರಿಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟು, ಅಲ್ಲೇ ಉಳಿದಳು. ಠಾಣೆಯಿಂದ ಆಸ್ಪತ್ರೆಗೆ ಫೋನು ಹೋಯಿತು. ಸಂಜೆ, ಆಸ್ಪತ್ರೆ ಟ್ರಸ್ಟಿನ ಅಧ್ಯಕ್ಷ ಜಯಪ್ರಕಾಶ್ ತಮ್ಮ ಎಸ್ಟೇಟಿನಲ್ಲಿ ಕಾಫಿ ತೂಗುವ ಕಣಕ್ಕೆ ಬಂದು ನಿಂತರು. ರೂಪಶ್ರೀಯ ತಾಯಿ ದೇವೀರಮ್ಮ ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುವವಳು.

ಎಲ್ಲರ ಚೀಲ ತೂಗಿ ಕೂಲಿ ಬರೆದು ಮುಗಿಯದೆ ಕೆಲಸದವರ ಲೈನ್ ಮನೆಗಳಿಗೆ ಟ್ರ್ಯಾಕ್ಟರ್ ಹೊರಡುವುದಿಲ್ಲ. ಆನೆ ಓಡಾಡುವ ದಾರಿ, ಯಾರನ್ನೂ ಹಿಂದೆ ಬಿಟ್ಟು ಹೋಗುವಂತಿಲ್ಲ. ರಾಜೇಶ್ ಮೇಸ್ತ್ರಿ ಒಂದೊಂದೇ ಚೀಲವನ್ನು ತಕ್ಕಡಿಯ ಕೊಕ್ಕೆಗೆ ಹಾಕಿಸಿದ. ದೇವೀರಮ್ಮನ ಚೀಲ ಬಂದಾಗ ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಅವಳು ಎತ್ತಿ ಮತ್ತೆ ಸಾಲಿನಲ್ಲಿಟ್ಟಳು. ಮತ್ತೆ ತಳ್ಳಿದ. ಕೊನೆಗೆ ಅದೊಂದೇ ಉಳಿಯಿತು.

"ತೂಗೋದೇನು ಕಷ್ಟ ಅಲ್ಲ ದೇವೀರಮ್ಮ," ಜಯಪ್ರಕಾಶ್ ಮೆತ್ತಗೆ ಅಂದರು. "ದೂರು ವಾಪಸ್ ತಗೊಂಡು ಡ್ಯೂಟಿಗೆ ಬಾ ಅಂತ ಮಗಳಿಗೆ ಹೇಳು."

ತಾನು ಬಾ ಎಂದರೆ ರೂಪಶ್ರೀ ಬಂದುಬಿಡುತ್ತಾಳೆ. ದೇವೀರಮ್ಮನಿಗೆ ಅದೇ ಭಯ.

ಟ್ರ್ಯಾಕ್ಟರ್ ಹತ್ತಿ ಕೂತವರು ಗೊಣಗತೊಡಗಿದರು. ಕತ್ತಲಾಗುತ್ತಿತ್ತು. ಕುಸುಮಾ ಇಳಿದು ಬಂದಳು. ಹೋದ ಮಳೆಗಾಲ ಅವಳ ಗಂಡನಿಗೆ ಹಾವು ಕಚ್ಚಿ ಉಸಿರು ಕಟ್ಟಿದಾಗ ಪಕ್ಕದಿಂದ ಕದಲದೆ ಉಳಿಸಿಕೊಟ್ಟವಳು ರೂಪಶ್ರೀ.

"ಅವಳೂ ಹೋದ್ರೆ ನಮ್ಗ್ಯಾರೇ ದಿಕ್ಕು? ಇನ್ನೊಂದ್ಸಲ ಕಚ್ಚಿದ್ರೆ ನಮ್ಮನೆಯವ್ರನ್ನ ಜರ್ಮನಿಗೆ ಹೊತ್ಕೊಂಡ್ ಹೋಗ್ಲಾ?"

ಯಾರೋ ನಕ್ಕರು. ಐಸಿಯು ಕೆಲಸ ಬಲ್ಲವರು ಆ ಆಸ್ಪತ್ರೆಯಲ್ಲಿ ಇನ್ನೊಬ್ಬರಿಲ್ಲ, ನಿಜ. ಬೇರೆಯವರನ್ನು ಸೇರಿಸಿಕೊಳ್ಳದೆ ಮೂವರ ಕೆಲಸವನ್ನು ಒಬ್ಬಳ ಮೇಲೆ ಹೇರಿದ್ದು ಇದೇ ಟ್ರಸ್ಟು. ಜಯಪ್ರಕಾಶರ ಮಗಳು ಡಾಕ್ಟರಾಗಿ ಐರ್ಲೆಂಡಿಗೆ ಹೊರಟಾಗ ಇದೇ ಕಣದಲ್ಲಿ ಲಾಡು ಹಂಚಿದ್ದರು. ದೇವೀರಮ್ಮನೂ ತಿಂದಿದ್ದಳು. ಆ ದಿನ ಯಾರೂ ನಮಗ್ಯಾರು ದಿಕ್ಕು ಎಂದು ಕೇಳಿರಲಿಲ್ಲ.

"ಕೇಳಿದ್ಯಲ್ಲ, ನಿಮ್ಮೋರೇ ಹೇಳ್ತಿರೋದು," ಎನ್ನುತ್ತ ಜಯಪ್ರಕಾಶ್ ತಮ್ಮ ಫೋನಿನಿಂದಲೇ ರೂಪಶ್ರೀಗೆ ಕರೆ ಮಾಡಿ, ಸ್ಪೀಕರ್ ಹಾಕಿ ದೇವೀರಮ್ಮನ ಮುಂದೆ ಹಿಡಿದರು.

"ಹಲೋ, ಯಾರು?"

"ನಾನು ಕಣೇ," ಅಂದಳು ದೇವೀರಮ್ಮ.

"ಅವ್ವಾ? ಯಾರ ಫೋನಿದು? ಏನಾಯ್ತು? ನಾನು ವಾಪಸ್ ಬರ್ಲಾ?"

ಹೇಳು ಎಂದು ಜಯಪ್ರಕಾಶ್ ಸನ್ನೆ ಮಾಡಿದರು. ಮೇಸ್ತ್ರಿ ಕೊಕ್ಕೆಯನ್ನು ಕೈಯಲ್ಲಿ ಹಿಡಿದು ಸಿದ್ಧನಾದ.

ದೇವೀರಮ್ಮ ತೂಗದ ಚೀಲದ ಮೇಲೆ ಕುಳಿತಳು. ಸಾಹುಕಾರರ ಎದುರು ಅವಳು ಎಂದೂ ಕುಳಿತವಳಲ್ಲ.

"ಅವಳ ಸರ್ಟಿಫಿಕೇಟು ಅವಳ ಕೈಗೆ ಕೊಡಿ ಸಾವ್ಕಾರ್ರೇ. ಆಮೇಲೆ ಇರ್ತೀಯಾ, ಹೋಗ್ತೀಯಾ ಅಂತ ನೀವೇ ಕೇಳಿ. ಕುಸುಮಾನೂ ಕೇಳ್ಲಿ. ಬಾ ಅಂತ ನಾನು ಹೇಳಲ್ಲ."