ಗೆದ್ದವರ ಪಾಲು

“ನೀರು ನೆಟ್ಟಗೆ ಬಿಡ್ಲಾ ಬೋಳಿಮಗನೆ, ಪ್ಯಾಂಟೆಲ್ಲ ನೆನೆಸ್ತಾ ಇದೀಯ” ಎಂದು ಚುನಾವಣಾ ಅಧಿಕಾರಿ ಗದರಿದ. ತುರ್ದುಕುಲ್ ಇನ್ನಷ್ಟು ಮೆಲ್ಲಗೆ ಹೂಜಿ ಬಗ್ಗಿಸಿದ. ಓಟು ಎಣಿಸಿದ ಕೈಗಳು ಬಿಸಿನೀರಿನಲ್ಲಿ ಹಾಯಾಗಿ ತೊಳೆದುಕೊಂಡವು.

ಕಮ್ಚಿಬೆಕ್ ಧಣಿ ಗೆದ್ದದ್ದಕ್ಕೆ ಈ ಊಟ. ಸರ್ಕಾರಿ ಫಾರಂ ಮುಚ್ಚಿದಾಗ ಊರ ಹುಲ್ಲುಗಾವಲನ್ನು ನುಂಗಿ ನೀರು ಕುಡಿದವನು ಅವನು. ತುರ್ದುಕುಲ್ ಅವನ ಕುರಿ ಕಾಯುವ ಆಳು. ತಲೆಯ ಮೇಲಿನ ಸೂರೂ ಧಣಿಯದೇ. ಚುನಾವಣೆಯಲ್ಲಿ ಅವನ ಎದುರು ನಿಂತಿದ್ದ ಎಸೆನ್ ಮೇಷ್ಟ್ರಿಗೆ ಊರ ಪೆಟ್ಟಿಗೆಯಲ್ಲಿ ಒಂದೂ ಓಟು ಬಿದ್ದಿಲ್ಲವಂತೆ. ಎಲ್ಲಿ ಹೋದವು ಎಂದು ಕೇಳಿದ ಮೇಷ್ಟ್ರನ್ನು ನಿನ್ನೆ ಪೊಲೀಸರು ಎಳೆದುಕೊಂಡು ಹೋಗಿದ್ದರು. ತುರ್ದುಕುಲ್ ಮೇಷ್ಟ್ರಿಗೇ ಓಟು ಹಾಕಿದ್ದ. ಹೆಂಡತಿ ಬೂರುಲ್ ಕೂಡ. ಬಾಯಿ ಮುಚ್ಚಿಕೊಂಡಿರು, ಈ ಹಿಮದಲ್ಲಿ ಮನೆ ಬಿಟ್ಟರೆ ಸಾಯುತ್ತೇವೆ ಎಂದು ಬೂರುಲ್ ಬೆಳಿಗ್ಗೆಯೇ ಕೈ ಮುಗಿದು ಕಳಿಸಿದ್ದಳು.

ಬೇಯಿಸಿದ ಕುರಿಯ ತಲೆ ಬಂತು. ಪಂಕ್ತಿಯಲ್ಲಿ ಎಲ್ಲರಿಗಿಂತ ದೊಡ್ಡವರಿಗೆ ಅದು ಸಲ್ಲಬೇಕು. ಧಣಿ ಟೋಪಿ ಸರಿಮಾಡಿಕೊಂಡು ಕೂತ. ತಟ್ಟೆ ಹಿಡಿದು ಬಂದ ತುರ್ದುಕುಲ್ ಅವನ ಮುಂದೆ ನಿಂತನೇ ಹೊರತು ಬಗ್ಗಲಿಲ್ಲ.

“ಮಡಗ್ಲಾ” ಎಂದ ಧಣಿ.

“ಇದು ಗೆದ್ದೋರ ಪಾಲು, ಧಣಿ. ನಾನು ಮೇಷ್ಟ್ರಿಗೆ ಓಟಾಕಿದೀನಿ. ನನ್ನ ಹೆಂಡ್ರೂ ಹಾಕವ್ಳೆ. ಅವನ್ನೆಲ್ಲಿ ಮಡಗಿದೀರಿ?”

ಅಧಿಕಾರಿ ಚಹಾದ ಬಟ್ಟಲಿನೊಳಗೆ ಏನನ್ನೋ ಹುಡುಕತೊಡಗಿದ. ಪಂಕ್ತಿಯಲ್ಲಿದ್ದ ಊರ ಹಿರಿಯರು ತಂತಮ್ಮ ರೊಟ್ಟಿ ಮುರಿದುಕೊಂಡರು.

“ನನ್ನ ಉಪ್ಪು ತಿಂದು ನಂಗೇ ಬೊಗಳ್ತೀಯೇನ್ಲಾ ಸೂಳೆಮಗನೆ” ಎಂದ ಧಣಿ, ದನಿ ಎತ್ತದೆ. “ಯಾರ್ಲಾ ಅಲ್ಲಿ, ಇವನ ಸಾಮಾನೆಲ್ಲ ಎತ್ತಿ ಹೊರಗೆಸೀರಿ.”

ತುರ್ದುಕುಲ್ ತಟ್ಟೆಯನ್ನು ಎದೆಗೆ ಅವುಚಿಕೊಂಡು ಹೊರಗೆ ನಡೆದ. ಹಬೆಯಾಡುವ ತಲೆ ಹೊತ್ತು ಹಾಡಹಗಲೇ ಬೀದಿಯುದ್ದಕ್ಕೂ ಹೋದ. ಕಿಟಕಿಗಳ ಪರದೆ ಸರಿದವು, ಮತ್ತೆ ಮುಚ್ಚಿಕೊಂಡವು.

ಮೇಷ್ಟ್ರ ಬಾಗಿಲಿಗೆ ಬೀಗ ಬಿದ್ದಿತ್ತು. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟ. ವಾಸನೆ ಹಿಡಿದು ಊರ ನಾಯಿಗಳು ಬಂದು ಸುತ್ತುಗಟ್ಟಿದವು. ಅವನು ಕೋಲು ಹಿಡಿದು ಕಾವಲು ಕೂತ.

ಹೊತ್ತು ಇಳಿಯುವಾಗ ಬೂರುಲ್ ಬಂದಳು. ಬೆನ್ನ ಮೇಲೆ ಒದ್ದೆ ರಜಾಯಿಗಳ ಗಂಟು, ಕೈಯಲ್ಲಿ ಕರಿ ಹಿಡಿದ ಪಾತ್ರೆ.

“ನಿನ್ನ ಬಾಯಿಗೆ ಮಣ್ಣಾಕ. ಈಗೆಲ್ಲಿಗೆ ಹೋಗಾದು?”

“ಮೇಷ್ಟ್ರು ಬರ್ಲಿ. ಅವರ ಪಾಲು ಕೊಟ್ಬುಟ್ಟು ಹೋಗಾನ.”

ಅವಳು ಗಂಟು ಇಳಿಸಿದಳು, ಅತ್ತಳು, ಬೈದಳು. ಆಮೇಲೆ ಒಂದು ಕಲ್ಲು ಎತ್ತಿಕೊಂಡು ಹೊಸ್ತಿಲ ಇನ್ನೊಂದು ಬದಿಗೆ ಕೂತಳು. ಕುರಿತಲೆಯ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ನಾಯಿಗಳು ಕದಲಲಿಲ್ಲ.